ಗಡ್ಡದ ಅಡಿಯ ಒಣಚರ್ಮ ಮತ್ತು ಹೊಟ್ಟು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಗಡ್ಡ ಮೀಸೆಗಳ ಅಡಿಯ ಚರ್ಮವು ಒಣಗಿ ಬಿಳಿಯ ಹೊಟ್ಟು ಉದುರುವುದು ಮತ್ತು ನವೆ ಉಂಟಾಗುವುದು ಪುರುಷರಲ್ಲಿ ಸಾಮಾನ್ಯವಾಗಿ ಕಂಡುಬರುವ ತೊಂದರೆಯಾಗಿದೆ. ಇದು ಪ್ರಾಣಾಪಾಯದ ಕಾಯಿಲೆಯಲ್ಲವಾದ್ದರಿಂದ ಅನೇಕರು ವೈದ್ಯರ ಬಳಿಗೆ ಬರುವುದಿಲ್ಲ. ಮೊದಲು ಎಣ್ಣೆ ಹಚ್ಚುತ್ತಾರೆ. ಅದು ಫಲಿಸದಿದ್ದಲ್ಲಿ ಔಷಧ ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತರುತ್ತಾರೆ. ವಸ್ತುತಃ ಈ ಎರಡು ಕ್ರಮಗಳೇ ಸಣ್ಣ ತೊಂದರೆಯನ್ನು ವರ್ಷಾನುಗಟ್ಟಲೆ ಕಾಡುವ ವ್ಯಾಧಿಯನ್ನಾಗಿ ಮಾಡುತ್ತವೆ. ಆದುದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಮೊದಲಿಗೇ ಸ್ಪಷ್ಟಪಡಿಸಬೇಕಾದ ಅಂಶವೊಂದಿದೆ. ಚಿಕಿತ್ಸೆಗಾಗಿ ಗಡ್ಡವನ್ನು ತೆಗೆಸಲೇಬೇಕೆಂಬ ನಿಬಂಧನೆ ಇಲ್ಲ. ಧಾರ್ಮಿಕ ಶ್ರದ್ಧೆಯಿಂದ, ಹರಕೆಯಿಂದ, ಮನೆಯಲ್ಲಿನ ಸೂತಕದ ಕಾರಣದಿಂದ ಅಥವಾ ಸ್ವಇಚ್ಛೆಯಿಂದ ಗಡ್ಡ ಬಿಟ್ಟವರು ಈ ಕಾರಣಕ್ಕಾಗಿ ವೈದ್ಯರನ್ನು ಕಾಣಲು ಸಂಕೋಚಪಡಬೇಕಾಗಿಲ್ಲ. ಗಡ್ಡವನ್ನು ಉಳಿಸಿಕೊಂಡೇ ಚಿಕಿತ್ಸೆ ಪಡೆಯಬಹುದಾಗಿದೆ.

ಬರಿಯ ಶುಷ್ಕತೆಯೋ, ಜಿಡ್ಡಿನ ಹೊಟ್ಟೋ?

ಗಡ್ಡದಲ್ಲಿ ಹೊಟ್ಟು ಕಂಡೊಡನೆ ಚರ್ಮ ಒಣಗಿದೆ ಎಂದು ಭಾವಿಸುವುದು ಸಹಜ. ಕೆಲವರಲ್ಲಿ ಇದು ನಿಜವೂ ಹೌದು. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣಹವೆ, ಬಹಳ ಬಿಸಿಯಾದ ನೀರಿನ ಸ್ನಾನ, ಬಟ್ಟೆ ಸೋಪು ಅಥವಾ ಕಟುವಾದ ಸೋಪಿನ ಬಳಕೆ ಇವುಗಳಿಂದ ಚರ್ಮದ ತೇವಾಂಶ ನಷ್ಟವಾಗುತ್ತದೆ. ಕೊಳವೆ ಬಾವಿಯ ಗಡಸು ನೀರಿರುವ ಊರುಗಳಲ್ಲಿ ಸೋಪು ನೊರೆಯಾಗದೆ ಬಿಳಿಯ ಮಡ್ಡಿಯಾಗಿ ಕೂದಲ ಬುಡಕ್ಕೆ ಅಂಟಿಕೊಳ್ಳುತ್ತದೆ. ಇದನ್ನೇ ಹೊಟ್ಟೆಂದು ತಿಳಿದವರೂ ಉಂಟು. ಶಬರಿಮಲೆ ವ್ರತಧಾರಿಗಳು ನವೆಂಬರ್ ಮಧ್ಯಭಾಗದಿಂದ ಗಡ್ಡ ಬಿಟ್ಟು ದಿನಕ್ಕೆ ಎರಡು ಬಾರಿ ಸ್ನಾನ ಮಾಡುವರು. ಚಳಿಗಾಲ, ಹೊಸದಾಗಿ ಬೆಳೆಯುತ್ತಿರುವ ಚುಚ್ಚುವ ಕೂದಲು ಮತ್ತು ಎರಡು ಹೊತ್ತಿನ ಸೋಪು ಮೂರೂ ಒಟ್ಟಿಗೆ ಸೇರುವುದರಿಂದ ಅವರಿಗೆ ನವೆ ಹೆಚ್ಚು. ಎರಡನೆಯ ಸ್ನಾನದಲ್ಲಿ ಮುಖಕ್ಕೆ ಸೋಪು ಬಳಸದೆ ನೀರಿನಿಂದ ಮಾತ್ರ ತೊಳೆದರೂ ಸಾಕಷ್ಟು ಉಪಶಮನ ದೊರೆಯುತ್ತದೆ.

ಆದರೆ ಹೊಟ್ಟು ತಿಂಗಳುಗಟ್ಟಲೆ ಉಳಿದಲ್ಲಿ ಅಥವಾ ಮರಳಿ ಮರಳಿ ಬಂದಲ್ಲಿ ಅದು ಬಹುಪಾಲು ಶುಷ್ಕತೆಯಲ್ಲ, ಅದಕ್ಕೆ ವಿರುದ್ಧವಾದುದು. ವೈದ್ಯಶಾಸ್ತ್ರದಲ್ಲಿ ಸೆಬೊರಿಕ್ ಡರ್ಮಟೈಟಿಸ್ ಎಂದು ಕರೆಯಲ್ಪಡುವ ಈ ಉರಿಯೂತವು ತಲೆಹೊಟ್ಟಿನ ಜಾತಿಗೇ ಸೇರಿದ್ದು. ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚಾಗಿರುವ ಕಡೆ ಮಲಸೀಝಿಯಾ ಎಂಬ ಸೂಕ್ಷ್ಮ ಶಿಲೀಂಧ್ರವು ಎಲ್ಲರಲ್ಲಿಯೂ ವಾಸವಾಗಿರುತ್ತದೆ. ಅದು ಜಿಡ್ಡನ್ನು ವಿಭಜಿಸಿದಾಗ ಹೊರಬರುವ ಆಮ್ಲಗಳಿಗೆ ಕೆಲವರ ಚರ್ಮ ಕೆರಳುತ್ತದೆ. ಚರ್ಮದ ಕೋಶಗಳು ಅವಧಿಗೆ ಮುನ್ನವೇ ಉದುರುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಕೊಳಕಿನಿಂದ ಬರುವುದೂ ಅಲ್ಲ.

ಇವೆರಡನ್ನು ಮನೆಯಲ್ಲಿಯೇ ಸ್ಥೂಲವಾಗಿ ಗುರುತಿಸಬಹುದು. ಶುಷ್ಕತೆಯ ಹೊಟ್ಟು ಸಣ್ಣದಾಗಿ ಪುಡಿಯಂತಿದ್ದು, ಚರ್ಮ ಬಿಗಿದಂತಾಗುತ್ತದೆ. ಕೈಕಾಲುಗಳ ಚರ್ಮವೂ ಒಣಗಿರುವುದುಂಟು. ಜಿಡ್ಡಿನ ಹೊಟ್ಟು ಹಳದಿ ಮಿಶ್ರಿತವಾಗಿ ಬೆರಳಿಗೆ ಅಂಟುತ್ತದೆ. ಮೂಗಿನ ಇಕ್ಕೆಲದ ಗೆರೆ, ಹುಬ್ಬು, ಕಿವಿಯ ಹಿಂಭಾಗ ಮತ್ತು ತಲೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ನಿದ್ರೆಗೆಟ್ಟಾಗ ಮತ್ತು ಚಿಂತೆ ಹೆಚ್ಚಿದಾಗ ಉಲ್ಬಣಿಸುವುದು ಇದರ ಸ್ವಭಾವ.

ಎಣ್ಣೆ ಹಚ್ಚುವ ರೂಢಿಯ ಬಗ್ಗೆ

ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಾಗೂ ಈಚಿನ ವರ್ಷಗಳಲ್ಲಿ ಗಡ್ಡಕ್ಕೆಂದೇ ಮಾರಾಟವಾಗುವ ಸುಗಂಧದ ಎಣ್ಣೆಗಳನ್ನು ರಾತ್ರಿಯಿಡೀ ಬಿಡುವುದು ರೂಢಿಯಲ್ಲಿದೆ. ಮೇಲೆ ಹೇಳಿದ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲಗಳೇ ಆಹಾರ. ಎಣ್ಣೆ ಹಚ್ಚಿದೊಡನೆ ಹೊಟ್ಟು ಒದ್ದೆಯಾಗಿ ಕಣ್ಣಿಗೆ ಮರೆಯಾಗುವುದರಿಂದ ಗುಣವಾದಂತೆ ತೋರುತ್ತದೆ. ಎರಡು ಮೂರು ದಿನಗಳಲ್ಲಿ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಜಿಡ್ಡಿನ ಹೊಟ್ಟಿರುವವರು ಎಣ್ಣೆಯನ್ನು ಬಿಡುವುದೇ ಲೇಸು. ಗಟ್ಟಿಯಾದ ಹೊಪ್ಪಳಿಕೆಯನ್ನು ಮೆದುವಾಗಿಸಲು ಹಚ್ಚುವುದೇ ಆದರೆ ಅರ್ಧ ಗಂಟೆಯೊಳಗೆ ತೊಳೆಯತಕ್ಕದ್ದು. ಬರಿಯ ಶುಷ್ಕತೆ ಇರುವವರು ಮುಖ ತೊಳೆದ ನಂತರ ಚರ್ಮ ಇನ್ನೂ ತುಸು ಹಸಿಯಿರುವಾಗಲೇ ಸುಗಂಧರಹಿತವಾದ ತೇವಾಂಶ ರಕ್ಷಕ ಕ್ರೀಮನ್ನು ಕೂದಲಿಗಲ್ಲದೆ ಬುಡದ ಚರ್ಮಕ್ಕೆ ತಾಗುವಂತೆ ಬೆರಳ ತುದಿಯಿಂದ ಹಚ್ಚಬೇಕು.

ನಿಂಬೆರಸವನ್ನು ಉಜ್ಜಿಕೊಳ್ಳಬಾರದು. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದಲ್ಲಿ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಗಡ್ಡ ದಟ್ಟವಾಗಲೆಂದು ಯುವಕರು ಬಳಸುತ್ತಿರುವ ಮಿನಾಕ್ಸಿಡಿಲ್ ದ್ರಾವಣದಿಂದಲೂ ಚರ್ಮ ಒಣಗಿ ಹೊಟ್ಟೇಳುತ್ತದೆ. ಅದನ್ನು ಬಳಸುತ್ತಿರುವವರು ವೈದ್ಯರಿಗೆ ಮರೆಮಾಚದೆ ತಿಳಿಸುವುದು. ನರೆ ಮುಚ್ಚಲು ಬಳಸುವ ಕಪ್ಪು ಬಣ್ಣದ ಒಗ್ಗದಿಕೆಯೂ ಇದೇ ರೀತಿ ತೋರಬಹುದಾಗಿದೆ.

ಶಾಂಪೂ ಬಳಸುವ ವಿಧಾನ

ಜಿಡ್ಡಿನ ಹೊಟ್ಟಿಗೆ ತಲೆಹೊಟ್ಟಿನ ಔಷಧಯುಕ್ತ ಶಾಂಪೂಗಳೇ ಗಡ್ಡಕ್ಕೂ ಅನ್ವಯಿಸುತ್ತವೆ. ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರಗಳವರೆಗೆ ಸಾಮಾನ್ಯವಾಗಿ ಸಲಹೆ ಮಾಡಲಾಗುತ್ತದೆ. ಗಡ್ಡವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಶಾಂಪೂವನ್ನು ಚರ್ಮಕ್ಕೆ ತಾಗುವಂತೆ ಮೃದುವಾಗಿ ತಿಕ್ಕಿ, 3ರಿಂದ 5 ನಿಮಿಷ ಹಾಗೆಯೇ ಬಿಟ್ಟು, ಬಳಿಕ ಚೆನ್ನಾಗಿ ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದುಬಿಡುವುದರಿಂದಲೇ ಬಹುಮಂದಿಗೆ ಫಲ ಸಿಗುವುದಿಲ್ಲ. ಕಣ್ಣು ಬಾಯಿಗಳಿಗೆ ತಾಗದಂತೆ ನೋಡಿಕೊಳ್ಳಬೇಕು. ತಲೆಯಲ್ಲಿಯೂ ಹೊಟ್ಟಿದ್ದರೆ ಅದೇ ಸಮಯದಲ್ಲಿ ತಲೆಗೂ ಬಳಸಬೇಕು.

ಈ ತೊಂದರೆ ಹತೋಟಿಗೆ ಬರುತ್ತದೆಯೇ ಹೊರತು ಶಾಶ್ವತವಾಗಿ ನಿರ್ಮೂಲವಾಗುವುದು ವಿರಳ. ಗುಣ ಕಂಡ ನಂತರವೂ ವಾರಕ್ಕೆ ಅಥವಾ ಹದಿನೈದು ದಿನಗಳಿಗೆ ಒಮ್ಮೆ ಶಾಂಪೂ ಬಳಸುತ್ತಿದ್ದರೆ ಮರುಕಳಿಸುವುದು ಕಡಿಮೆಯಾಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡಲ್ಲಿ ಔಷಧದಿಂದ ಔಷಧಕ್ಕೆ ಅಲೆಯುವ ಖರ್ಚು ತಪ್ಪುತ್ತದೆ.

ಸ್ಟೀರಾಯ್ಡ್ ಮುಲಾಮುಗಳ ಬಗ್ಗೆ ವಿಶೇಷ ಎಚ್ಚರಿಕೆ

ಔಷಧ ಅಂಗಡಿಗಳಲ್ಲಿ ಹುಳುಕಡ್ಡಿ, ತುರಿಕೆ, ಕಲೆ ಎಲ್ಲಕ್ಕೂ ಒಂದೇ ಎಂದು ಕೊಡಲಾಗುವ ಮುಲಾಮುಗಳಲ್ಲಿ ಅನೇಕವು ಶಿಲೀಂಧ್ರನಾಶಕ, ಪ್ರತಿಜೀವಕ ಹಾಗೂ ಪ್ರಬಲ ಸ್ಟೀರಾಯ್ಡ್‌ಗಳ ಮಿಶ್ರಣಗಳು. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಈ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯತಕ್ಕದ್ದು. ಹಚ್ಚಿದ ಎರಡೇ ದಿನಗಳಲ್ಲಿ ನವೆ ನಿಲ್ಲುತ್ತದೆ. ಅಪಾಯ ಇರುವುದು ಅಲ್ಲಿಯೇ. ಬಿಟ್ಟೊಡನೆ ಮುಖ ಕೆಂಪಾಗಿ ಉರಿಯುತ್ತದೆ, ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಹೀಗೆ ತಿಂಗಳುಗಟ್ಟಲೆ ಹಚ್ಚಿದಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆಗಳು ಏಳುತ್ತವೆ. ಮೂಲದಲ್ಲಿ ಹುಳುಕಡ್ಡಿ ಇದ್ದಲ್ಲಿ ಅದು ತನ್ನ ಗುಂಡಗಿನ ಆಕಾರವನ್ನೇ ಕಳೆದುಕೊಂಡು ವೈದ್ಯರಿಗೂ ಗುರುತು ಸಿಗದಂತೆ ಹಬ್ಬುತ್ತದೆ.

2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಚರ್ಮದ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ತಿದ್ದುಪಡಿ ಮಾಡಿರುತ್ತದೆ. ಆದಾಗ್ಯೂ ಕೇಳಿದವರಿಗೆ ಕೊಡುವ ಪರಿಪಾಠ ಪೂರ್ಣವಾಗಿ ನಿಂತಿಲ್ಲ. ವೈದ್ಯರು ಕೆಲವೊಮ್ಮೆ ಸೌಮ್ಯವಾದ ಸ್ಟೀರಾಯ್ಡನ್ನು ಕೆಲವೇ ದಿನಗಳಿಗೆ ಬರೆಯುವುದುಂಟು. ಅವಧಿ ಮುಗಿದ ಮೇಲೆ ಉಳಿದ ಟ್ಯೂಬನ್ನು ಮುಂದುವರಿಸುವುದಾಗಲಿ, ಮನೆಯ ಇತರರಿಗೆ ಕೊಡುವುದಾಗಲಿ ಕೂಡದು.

ಹೈನುಗಾರಿಕೆ ಮಾಡುವವರು ಗಮನಿಸುವುದು

ದನಕರುಗಳಿಗೆ, ವಿಶೇಷವಾಗಿ ಕರುಗಳಿಗೆ, ಕಣ್ಣಿನ ಸುತ್ತ ಮತ್ತು ಕುತ್ತಿಗೆಯಲ್ಲಿ ರೋಮ ಉದುರಿ ಬೂದುಬಣ್ಣದ ದುಂಡನೆಯ ಮಚ್ಚೆಗಳಾಗುವುದನ್ನು ರೈತರು ಕಂಡಿರುತ್ತಾರೆ. ಇದು ಜಾನುವಾರುಗಳ ಹುಳುಕಡ್ಡಿ, ಮನುಷ್ಯರಿಗೂ ಅಂಟುತ್ತದೆ. ಹಾಲು ಕರೆಯುವಾಗ ಹಸುವಿನ ಪಕ್ಕೆಗೆ ತಲೆ ಕೆನ್ನೆ ಒರಗುವುದರಿಂದ ಗಡ್ಡದ ಭಾಗಕ್ಕೆ ಸುಲಭವಾಗಿ ತಗಲುತ್ತದೆ. ಜಿಡ್ಡಿನ ಹೊಟ್ಟು ಎರಡೂ ಕೆನ್ನೆಗಳಲ್ಲಿ ಸಮನಾಗಿದ್ದರೆ, ಇದು ಬಹುಪಾಲು ಒಂದೇ ಬದಿಯಲ್ಲಿರುತ್ತದೆ. ಊದಿಕೊಂಡ ಗಂಟುಗಳಾಗಿ ಕೀವು ಸೋರಬಹುದು. ಕೂದಲನ್ನು ಹಿಡಿದೆಳೆದರೆ ನೋವಿಲ್ಲದೆ ಕಿತ್ತು ಬರುತ್ತದೆ. ಇದಕ್ಕೆ ಮುಲಾಮು ಸಾಲದು, ವಾರಗಟ್ಟಲೆ ಮಾತ್ರೆ ಸೇವಿಸಬೇಕಾಗುತ್ತದೆ. ತಡವಾದರೆ ಕಲೆ ಉಳಿದು ಆ ಜಾಗದಲ್ಲಿ ಗಡ್ಡ ಮತ್ತೆ ಬೆಳೆಯದಿರಬಹುದು. ರೋಗಗ್ರಸ್ತ ಕರುವನ್ನು ಪಶುವೈದ್ಯರಿಗೆ ತೋರಿಸುವುದೂ ಚಿಕಿತ್ಸೆಯ ಭಾಗವೇ ಆಗಿದೆ. ಕ್ಷೌರದ ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಮತ್ತು ಒಗೆದ ವಸ್ತ್ರವನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು.

ತಿಳಿ ಬಣ್ಣದ ಮಚ್ಚೆ ಕಂಡಾಗ

ನಮ್ಮ ಜನರ ಕಂದು ಮೈಬಣ್ಣದಲ್ಲಿ ಈ ಉರಿಯೂತ ಕೆಂಪಾಗಿ ಕಾಣುವುದಕ್ಕಿಂತ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಮಚ್ಚೆಯಾಗಿ ಕಾಣುವುದೇ ಹೆಚ್ಚು. ತೊನ್ನು ಅಥವಾ ಕುಷ್ಠ ಎಂದು ಹೆದರಿ, ಮದುವೆ ಮಾತುಕತೆಯ ಸಮಯದಲ್ಲಿ ಮುಚ್ಚಿಡುವವರೂ ಇದ್ದಾರೆ. ಹೊಟ್ಟಿನ ಕಾಯಿಲೆಯಿಂದಾದ ತಿಳಿ ಬಣ್ಣವು ಚಿಕಿತ್ಸೆಯ ನಂತರ ಕೆಲವು ತಿಂಗಳುಗಳಲ್ಲಿ ಸರಿಹೋಗುತ್ತದೆ. ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಿದ್ದಲ್ಲಿ ಮಾತ್ರ ವಿಳಂಬ ಮಾಡದೆ ತೋರಿಸಿಕೊಳ್ಳಬೇಕು. ಕುಷ್ಠರೋಗಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುವಿಧ ಔಷಧ ಚಿಕಿತ್ಸೆ ಉಚಿತವಾಗಿ ಲಭ್ಯವಿದ್ದು, ಪೂರ್ಣ ಗುಣವಾಗುತ್ತದೆ.

ಮೊದಲು ಇಲ್ಲದ ಜಿಡ್ಡಿನ ಹೊಟ್ಟು ಹಠಾತ್ತನೆ ತೀವ್ರವಾಗಿ ಮುಖ, ಎದೆಗೆಲ್ಲ ಹರಡಿದಲ್ಲಿ ವೈದ್ಯರು ಎಚ್.ಐ.ವಿ. ಪರೀಕ್ಷೆಗೆ ಸೂಚಿಸಬಹುದು. ಇದನ್ನು ಅವಮಾನವೆಂದು ತಿಳಿಯಬಾರದು; ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ ಹಾಗೂ ಗೌಪ್ಯ.

ಆಸ್ಪತ್ರೆಗೆ ಬರುವವರಿಗೆ ಸೂಚನೆ

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಗರ ಪ್ರದೇಶಗಳಲ್ಲಿ ನಮ್ಮ ಕ್ಲಿನಿಕ್‌ನ ವೈದ್ಯಾಧಿಕಾರಿಗಳನ್ನು ಕಾಣಬಹುದು. ನಾಲ್ಕು ವಾರ ಶಾಂಪೂ ಬಳಸಿಯೂ ಕಡಿಮೆಯಾಗದಿದ್ದಲ್ಲಿ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಬರೆಸಿಕೊಂಡು ಹೋಗುವುದು. ಕೀವು, ಊತ, ಜ್ವರ ಇದ್ದಲ್ಲಿ ಕಾಯಬೇಕಾಗಿಲ್ಲ. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆಸಿಕೊಂಡಲ್ಲಿ ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ದರಕ್ಕೆ ವಿಚಾರಿಸಬಹುದು.

ಈವರೆಗೆ ಬಳಸಿದ ಎಲ್ಲ ಮುಲಾಮು, ಎಣ್ಣೆ, ಬಣ್ಣಗಳ ಟ್ಯೂಬು ಅಥವಾ ಡಬ್ಬಿಗಳನ್ನು, ಖಾಲಿಯಾಗಿದ್ದರೂ ಸಹ, ತಪ್ಪದೆ ತರತಕ್ಕದ್ದು. ಹಳದಿ ಟ್ಯೂಬು, ಬಿಳಿ ಟ್ಯೂಬು ಎಂಬ ವಿವರಣೆಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಸಂಭವವಿರುವುದರಿಂದ ಆ ದಿನ ಬೆಳಿಗ್ಗೆ ಗಡ್ಡಕ್ಕೆ ಏನನ್ನೂ ಹಚ್ಚಬಾರದು. ಆಸ್ಪತ್ರೆಗೆ ಹೋಗಬೇಕೆಂದು ಹಿಂದಿನ ದಿನವೇ ಗಡ್ಡ ತೆಗೆಸಿಕೊಂಡು ಬರುವುದೂ ಬೇಡ. ಕೂದಲಿದ್ದಾಗಲೇ ರೋಗದ ನಿಜಸ್ವರೂಪ ತಿಳಿಯುತ್ತದೆ.