ಸೀರೆಗೆ ಸೂಜಿ, ಜೀನ್ಸಿಗೆ ಮಗ್ಗ

ದಾವಣಗೆರೆ, ಹರಿಹರದ ಹಳೆಯ ಮನೆಗಳಲ್ಲಿ ಹರಿದ ಬಟ್ಟೆಯನ್ನು ಸುಮ್ಮನೆ ಎಸೆಯುತ್ತಿರಲಿಲ್ಲ. ಸವೆದ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಒತ್ತೊತ್ತಾಗಿ ಹೊಲಿದರೆ ಕೌದಿ ಸಿದ್ಧ. ಚಳಿಗೆ ಅದೇ ಹೊದಿಕೆ, ಕೂಸಿಗೆ ಅದೇ ಹಾಸಿಗೆ.

ಕೌದಿಯ ಗುಟ್ಟು ಹತ್ತಿಯಲ್ಲಿದೆ. ಒಗೆದಷ್ಟೂ ಹತ್ತಿ ಬಟ್ಟೆ ಮೆತ್ತಗಾಗುತ್ತದೆ. ಹಲವು ಪದರಗಳಿದ್ದರೂ ಕೈಸೂಜಿ ಸಲೀಸಾಗಿ ದಾಟುತ್ತದೆ. ಹತ್ತಿ ಗಿರಣಿಗಳಿಂದಲೇ ದಾವಣಗೆರೆ 20ನೇ ಶತಮಾನದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿತ್ತು. ಶತಮಾನದ ಕೊನೆಯ ದಶಕಗಳಲ್ಲಿ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದೆದುರು, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲೇ ಪಾಲಿಫೈಬರ್ಸ್ ಕಾರ್ಖಾನೆ ಮರದಿಂದ ರೇಯಾನ್ ತಿರುಳು ತೆಗೆಯತೊಡಗಿತ್ತು. ಕಪಾಟಿನಲ್ಲೂ ಹತ್ತಿಯ ಜಾಗಕ್ಕೆ ರೇಯಾನ್, ನೈಲಾನ್, ಪಾಲಿಯೆಸ್ಟರ್ ಬಂದವು. ಜಾರುವ ಈ ಬಟ್ಟೆಗಳು ಕೌದಿಗೆ ಒಗ್ಗಲಿಲ್ಲ.

ಅನಂತರ ಬಂದದ್ದು ಜೀನ್ಸ್. 1873ರಲ್ಲಿ ಅಮೆರಿಕದ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಪೇಟೆಂಟ್ ಪಡೆದ, ರಿವೆಟ್ ಬಡಿದ ಈ ಪ್ಯಾಂಟು ಮೊದಲಿಗೆ ದುಡಿಯುವವರ ಉಡುಪು. ಇದರ ಬಟ್ಟೆ ಡೆನಿಮ್ ಮೂಲತಃ ಹತ್ತಿಯೇ. ಆದರೆ ಓರೆ ನೇಯ್ಗೆಯ ಬಿಗಿಬಟ್ಟೆ. ಪದರ ಕೂಡಿದರೆ ಕೈಸೂಜಿ ಬಾಗುತ್ತದೆ.

ಅದಕ್ಕೆ ಮಗ್ಗವೇ ದಾರಿ. ಹೊಲಿಗೆ, ಗುಂಡಿ ಬಿಚ್ಚಿ ಬಟ್ಟೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಬೇಕು. ಗಟ್ಟಿ ಹತ್ತಿದಾರವನ್ನು ಹಾಸಾಗಿ ಕಟ್ಟಿ, ಪಟ್ಟಿಗಳನ್ನು ಹೊಕ್ಕಾಗಿ ಬಡಿದು ಕೂಡಿಸಿದರೆ ದಪ್ಪನೆಯ ನೆಲಹಾಸು ಸಿದ್ಧ. ಡೆನಿಮ್‌ನಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನದು ಬಿಳಿ. ಹಾಗಾಗಿ ಪಟ್ಟಿಯ ಒಂದು ಮಗ್ಗುಲು ಕಡುನೀಲಿ, ಇನ್ನೊಂದು ತಿಳಿನೀಲಿ. ಬಣ್ಣ ಹಾಕದೆಯೇ ಚಿತ್ತಾರ ಮೂಡುತ್ತದೆ.

ಕೌದಿಗೆ ಅಜ್ಜಿಯ ಸೂಜಿಯೊಂದು ಸಾಕಿತ್ತು. ಜೀನ್ಸಿಗೆ ಮಗ್ಗವೂ ಬೇಕು, ನೇಯುವ ಕೈಯೂ ಬೇಕು. ಗಿರಣಿಗಳನ್ನು ಕಳೆದುಕೊಂಡ ಊರಿಗೆ ಹಳೆ ಪ್ಯಾಂಟುಗಳ ರಾಶಿ ಕೇಳುತ್ತಿರುವುದು ಇದನ್ನೇ.