ಬಿಲ್ಡ್ ಕೆಲಸ ಹಾಸನಕ್ಕೆ ಬಂದ ದಾರಿ

ಬರೆದ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷಿಸಿ, ಬಳಕೆಗೆ ಸಿದ್ಧವಾದ ತಂತ್ರಾಂಶವಾಗಿ ಕಟ್ಟುವುದೇ ಬಿಲ್ಡ್. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ರೂಪಿಸಿದರು. ಯಾವ ಕಡತ ಬದಲಾಗಿದೆ, ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು ಎಂದು ನೋಡಿಕೊಳ್ಳುವ ಹೊಣೆ ಅಲ್ಲಿಂದ ಯಂತ್ರದ ಪಾಲಾಯಿತು.

ಕರ್ನಾಟಕದಲ್ಲಿ ಈ ಕಸುಬು ಮೊದಲು ಬೇರೂರಿದ್ದು ಬೆಂಗಳೂರಿನಲ್ಲಿ. 1985ರಲ್ಲಿ ಅಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದೊಂದಿಗೆ ಕೆಲಸ ನಡೆಸಿತು. ಯಂತ್ರಗಳು ಕಂಪನಿಯ ಕೋಣೆಯಲ್ಲೇ ಇದ್ದುದರಿಂದ ಎಂಜಿನಿಯರುಗಳೂ ಅಲ್ಲೇ ಇರಬೇಕಿತ್ತು. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಹಾಸನದಲ್ಲಿದ್ದರೂ ತಂತ್ರಾಂಶದ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುವುದೇ ರೂಢಿಯಾಯಿತು.

ಸನ್ ಮೈಕ್ರೋಸಿಸ್ಟಮ್ಸ್‌ನ ಕೊಹ್ಸುಕೆ ಕವಾಗುಚಿ 2005ರಲ್ಲಿ ಬಿಲ್ಡ್‌ಗಳನ್ನು ತಾನಾಗಿ ನಡೆಸುವ ಹಡ್ಸನ್ ತಂತ್ರಾಂಶವನ್ನು ಹೊರತಂದರು. 2011ರಲ್ಲಿ ಅದರಿಂದ ಜೆಂಕಿನ್ಸ್ ಬಂತು. ಒಂದು ಮುಖ್ಯ ಸರ್ವರ್ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವುದು ಇದರ ಕ್ರಮ. ಆದರೆ ಒಂದೊಂದು ಯಂತ್ರದಲ್ಲಿ ಉಪಕರಣಗಳ ಒಂದೊಂದು ಆವೃತ್ತಿ ಇರುತ್ತಿತ್ತು. ಹಿಂದಿನ ಬಿಲ್ಡ್ ಉಳಿಸಿಹೋದ ಕಡತ ಮುಂದಿನದನ್ನು ಕೆಡಿಸುತ್ತಿತ್ತು.

2013ರಲ್ಲಿ ಬಂದ ಡಾಕರ್, ಪ್ರತಿ ಬಿಲ್ಡನ್ನೂ ಕಂಟೇನರ್ ಎಂಬ ಹೊಸ, ಪ್ರತ್ಯೇಕ ಆವರಣದಲ್ಲಿ ನಡೆಸಲು ಅನುವಾಗಿಸಿ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಕೋಡ್ ಸೇರುತ್ತಲೇ ಮುಖ್ಯ ಸರ್ವರ್ ಹೊಸ ಕಂಟೇನರ್ ಕೇಳುತ್ತದೆ. 2014ರಲ್ಲಿ ಗೂಗಲ್ ಬಿಡುಗಡೆ ಮಾಡಿದ ಕುಬರ್ನೆಟೀಸ್ ಬಿಡುವಿರುವ ಸರ್ವರ್ ಹುಡುಕಿ ಅಲ್ಲಿ ಆ ಕಂಟೇನರನ್ನು ಎಬ್ಬಿಸುತ್ತದೆ. ಕಂಟೇನರ್ ಕೋಡ್ ಇಳಿಸಿಕೊಂಡು, ಕಟ್ಟಿ, ಪರೀಕ್ಷಿಸಿ, ಫಲಿತಾಂಶ ಒಪ್ಪಿಸಿ ಅಳಿಸಿಹೋಗುತ್ತದೆ. ನಲವತ್ತು ನಿಮಿಷದ ಪರೀಕ್ಷೆಯನ್ನು ನಾಲ್ಕು ಕಂಟೇನರ್‌ಗಳಿಗೆ ಸಮನಾಗಿ ಹಂಚಿದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರತಿ ಸಲವೂ ಬರಿಗೈಯಲ್ಲಿ ಶುರುವಾಗುವ ಕಂಟೇನರ್ ಬೇಕಾದ ಲೈಬ್ರರಿಗಳನ್ನೆಲ್ಲ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ಆ ಕಾಲವ್ಯಯ ತಪ್ಪಿಸಲು, ಒಮ್ಮೆ ಇಳಿಸಿದ್ದನ್ನು ಎಲ್ಲ ಕಂಟೇನರ್‌ಗಳಿಗೂ ಸಿಗುವಂತೆ ಉಳಿಸಿಡುವ ಕ್ಯಾಶ್ ಇಡುತ್ತಾರೆ.

ಇದಕ್ಕೆಲ್ಲ ಬೇಕಾದ ಸರ್ವರನ್ನು ಬಾಡಿಗೆಗೆ ಪಡೆಯುವ ಅನುಕೂಲವನ್ನು ಅಮೆಜಾನ್ 2006ರಲ್ಲೇ ಒದಗಿಸಿತ್ತು. 2016ರಲ್ಲಿ ಅದರ ಮುಂಬೈ ಕೇಂದ್ರವೂ ತೆರೆಯಿತು. 2019ರಲ್ಲಿ ಎಲ್ಲರಿಗೂ ದೊರೆತ ಗಿಟ್‌ಹಬ್ ಆಕ್ಷನ್ಸ್, ಬಹಿರಂಗ ಯೋಜನೆಗಳಿಗೆ ಬಿಲ್ಡ್ ಯಂತ್ರಗಳನ್ನು ಉಚಿತವಾಗಿಯೇ ಕೊಟ್ಟಿತು.

ದೂರದ ಯಂತ್ರವನ್ನು ಕೂತಲ್ಲಿಂದ ನಡೆಸುವುದು ಹಾಸನಕ್ಕೆ ಹೊಸದಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ಇಲ್ಲಿಂದಲೇ ನಿಭಾಯಿಸುತ್ತ ಬಂದಿದೆ. ಅದಕ್ಕೆ ದೊಡ್ಡ ಆಂಟೆನಾಗಳೂ ಸರ್ಕಾರದ ಬಂಡವಾಳವೂ ಬೇಕಿದ್ದವು. ಬಿಲ್ಡ್ ಕೆಲಸಕ್ಕೆ ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಸಾಕು. 2020ರ ಲಾಕ್‌ಡೌನ್‌ನಲ್ಲಿ ಊರು ಸೇರಿದ ಎಂಜಿನಿಯರುಗಳ ಕೆಲಸ ನಿಲ್ಲದಿರಲು ಇದೂ ಒಂದು ಕಾರಣ. ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಿದ್ಯಾರ್ಥಿಯೂ ಇಂದು ಸ್ವಂತ ಸರ್ವರ್ ಇಲ್ಲದೆ ಈ ಕಸುಬು ಕಲಿಯಬಹುದು.