ರಾಜನಿಂದ ದಂಡ ಕಟ್ಟಿಸಿಕೊಳ್ಳುವವರು ಯಾರು?

ದಾನಶಾಸನ ಓದುವವರು ಶಾಪಾಶಯದ ಸಾಲುಗಳಿಗೆ ಬಂದಾಗ ಸಾಮಾನ್ಯವಾಗಿ ಓದು ನಿಲ್ಲಿಸಿಬಿಡ್ತಾರೆ. ಅದೇ ವಾರಣಾಸಿ, ಅದೇ ಕವಿಲೆ, ಅದೇ ಅಮೇಧ್ಯದಲ್ಲಿ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವುದು. ಗೊತ್ತಿರೋದೇ ಬಿಡಿ ಅಂತ. ಆದರೆ ಆ ಶಾಪ ಯಾರಿಗೆ ಅಂತ ಗಮನಿಸಿ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದತ್ತಿಯ ಭೂಮಿ ಕಸಿಯುವವನಿಗೆ. ತಾನೇ ಕೊಟ್ಟದ್ದನ್ನು ಕಸಿಯಬಲ್ಲವನು ದಾನಿ ಮಾತ್ರ, ಅಂದರೆ ಬಹುಮಟ್ಟಿಗೆ ಅರಸ ಅಥವಾ ಅವನ ಸಾಮಂತ. ಇನ್ನೊಂದು ಪ್ರಸಿದ್ಧ ಶ್ಲೋಕದಲ್ಲಂತೂ ರಾಮಚಂದ್ರನೇ ಮುಂದಿನ ರಾಜರನ್ನು ಬೇಡಿಕೊಳ್ಳುತ್ತಾನೆ.

ಪ್ರಜೆಗಳ ವಿಷಯಕ್ಕೆ ಬಂದರೆ ಭಾಷೆಯೇ ಬೇರೆ. ಲಕ್ಷ್ಮೇಶ್ವರದ, ಅಂದರೆ ಹಿಂದಿನ ಪುಲಿಗೆರೆಯ, ಯುವರಾಜ ವಿಕ್ರಮಾದಿತ್ಯನ ಶಾಸನ ನೋಡಿ, ಸುಮಾರು 725ರದ್ದು. ಮನೆವಾರು ತೆರಿಗೆ, ಕಳ್ಳತನ ಮುಂತಾದ ಅಪರಾಧಗಳ ದಂಡ, ಎಲ್ಲ ಲೆಕ್ಕಾಚಾರ. ದಂಡದ ಹಣ ಕಾರ್ತಿಕ ಮಾಸದಲ್ಲಿ ಊರಿನ ಶ್ರೇಣಿಗೆ ಸಲ್ಲಬೇಕು. ರಾಜಪುರುಷರು ಏನನ್ನು ಕಾಪಾಡಬೇಕು ಅಂತಲೂ ಅದರಲ್ಲಿದೆ: ರಾಜದತ್ತಿ, ತಾಮ್ರಶಾಸನ, ಅನುಭವಿಸಿಕೊಂಡು ಬಂದ ಆಸ್ತಿ. ಅಧಿಕಾರಿಗಳಿಗೂ ಕಟ್ಟು ಹಾಕಿದ ಈ ಶಾಸನ ನನಗೆ ಬಹಳ ಇಷ್ಟ. ಆದರೆ ಆ ಕಟ್ಟು ಅರಸನವರೆಗೆ ಏರುವುದಿಲ್ಲ.

ಶಾಸ್ತ್ರಕಾರರಿಗೆ ಈ ಕೊರತೆ ತಿಳಿದಿರಲಿಲ್ಲ ಅಂತಲ್ಲ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡ ಬೀಳುವ ತಪ್ಪಿಗೆ ರಾಜನಿಗೆ ಸಾವಿರ ಅಂತ ಮನುಸ್ಮೃತಿ ಹೇಳುತ್ತೆ. ದಂಡಾರ್ಹನಲ್ಲದವನನ್ನು ದಂಡಿಸಿದ ರಾಜ ಮೂವತ್ತು ಪಟ್ಟು ತೆತ್ತು, ವರುಣನ ಹೆಸರಲ್ಲಿ ನೀರಿಗಿಟ್ಟು, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು ಅನ್ನುತ್ತೆ ಅರ್ಥಶಾಸ್ತ್ರ. ನಿಯಮವೇನೋ ಚೆನ್ನಾಗಿದೆ. ಆದರೆ ಅಪರಾಧಿ, ನ್ಯಾಯಾಧೀಶ, ವಸೂಲಿಗಾರ ಮೂರೂ ಒಬ್ಬನೇ! ಎಂಜಿನಿಯರ್ ಕಣ್ಣಿಗೆ ಇದು ಸೇಫ್ಟಿ ವಾಲ್ವಿನ ಕೀಲಿಯನ್ನು ಬಾಯ್ಲರಿಗೇ ಕೊಟ್ಟ ಹಾಗೆ ಕಾಣುತ್ತೆ.

ಆದ್ದರಿಂದ ನಾಯಕರ ಮೇಲೂ ಎಲ್ಲರಂತೆ ಮೊಕದ್ದಮೆ ನಡೆಯಬೇಕೇ ಅಂದರೆ, ನಡೆಯಲೇಬೇಕು ಅಂತ ನನ್ನ ಉತ್ತರ. ನಮ್ಮ ಸಂವಿಧಾನದ 361ನೇ ವಿಧಿ ರಾಷ್ಟ್ರಪತಿ, ರಾಜ್ಯಪಾಲರಿಗೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಟ್ಟಿದೆ, ಅದೂ ಅಧಿಕಾರದಲ್ಲಿ ಇರುವಷ್ಟು ದಿನ ಮಾತ್ರ. ಪ್ರಧಾನಿ, ಮುಖ್ಯಮಂತ್ರಿಗಳಿಗೆ ಅದಿಲ್ಲ. ಸುಳ್ಳು ಕೇಸು ಹಾಕಿ ಕಾಡುವವರೂ ಇದ್ದಾರೆ, ಹಾಗಾಗಿ ಪೂರ್ವಾನುಮತಿಯ ನಿಯಮ ಪೂರ್ತಿ ತಪ್ಪು ಅನ್ನಲಾರೆ. ಆದರೆ ಅನುಮತಿ ಕೊಡುವವರೂ ಕೇಸು ನಡೆಸುವವರೂ ಆರೋಪಿಯ ಕೈಕೆಳಗೆ ಇರಬಾರದು.

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿಗೆ ಬಂದಿದ್ದೇ ಇದಕ್ಕೆ. ಅವರು ಮತ್ತೆ ಮುಖ್ಯಮಂತ್ರಿಯಾದ ಮೇಲೆ ಸಾಕ್ಷಿಗಳು ಹಿಂದಿನ ಹೇಳಿಕೆಯಿಂದ ಸರಿಯತೊಡಗಿದ್ದರು. 2003ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು, ಅವರು ಮುಖ್ಯಮಂತ್ರಿಯಾಗಿದ್ದಾಗಲೇ, ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿತು. 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2016ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎರಡು ತಿಂಗಳ ನಂತರ ಸುಪ್ರೀಂ ಕೋರ್ಟ್ ಉಳಿದ ಆರೋಪಿಗಳ ಶಿಕ್ಷೆ ಎತ್ತಿಹಿಡಿಯಿತು. ಅವರ ಮಟ್ಟಿಗೆ ಮೇಲ್ಮನವಿ ಅಲ್ಲಿಗೇ ಮುಗಿಯಿತು. ಆ 100 ಕೋಟಿಯನ್ನಾದರೂ ವಸೂಲು ಮಾಡಿಕೊಡಿ ಅಂತ ಕರ್ನಾಟಕ ಸರ್ಕಾರ ಕೇಳಿತು. 2017ರ ಏಪ್ರಿಲ್‌ನಲ್ಲಿ ಆ ಅರ್ಜಿ ವಜಾ ಆಯಿತು.